ಕಕ್ಕಬ್ಬೆಯ ತೋಟದಲ್ಲಿ ಆಕಾಶ ವೀಕ್ಷಣೆ: ಬಾಹ್ಯಾಕಾಶದ ಕಸವನ್ನು ಅರಿಯುವ ಸಂಜೆ

ಕೊಡಗಿನ ಕಕ್ಕಬ್ಬೆ ಸಮೀಪದ ಹೋಂಸ್ಟೇಯೊಂದು ಚಳಿಗಾಲದಲ್ಲಿ ನಡೆಸುವ ಆಕಾಶ ವೀಕ್ಷಣೆಯನ್ನು, ಭೂಮಿಯ ಸುತ್ತ ಮನುಷ್ಯರೇ ಬಿಟ್ಟಿರುವ ಕಸದ ಬಗ್ಗೆ ತಿಳಿಯಬಯಸುವವರಿಗೆ ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಕಣಿವೆಗೆ ಮಂಜು ಇಳಿಯುವ ಮೊದಲೇ ಎಲ್ಲರನ್ನೂ ಕಾಫಿ ಕಣದಲ್ಲಿ ಸೇರಿಸುತ್ತಾರೆ. ಈ ಸಮಯದ ಆಯ್ಕೆ ಸರಿಯಾಗಿದೆ, ಏಕೆಂದರೆ ನೆಲದಲ್ಲಿ ಕತ್ತಲಾಗಿದ್ದರೂ ಕಕ್ಷೆಯಲ್ಲಿರುವ ವಸ್ತುಗಳ ಮೇಲೆ ಆಗ ಇನ್ನೂ ಬಿಸಿಲಿರುತ್ತದೆ.

ನಾವು ಹೋದ ಸಂಜೆ ಹಳೆಯ ರಾಕೆಟ್ಟಿನ ಹಂತವೊಂದು ಬರಿಗಣ್ಣಿಗೇ ಕಂಡಿತು. ಅದು ಬೆಳಗಿ, ಮಂಕಾಗಿ, ಮತ್ತೆ ಬೆಳಗುತ್ತಾ ಸಾಗಿತು. ಹಿಡಿತವಿಲ್ಲದೆ ಉರುಳುತ್ತಿರುವುದೇ ಇದಕ್ಕೆ ಕಾರಣವೆಂದ ಮಾರ್ಗದರ್ಶಕರು, ಕಸ ತೆಗೆಯುವ ಕೆಲಸದ ಕಷ್ಟವನ್ನು ಅಲ್ಲಿಂದಲೇ ವಿವರಿಸಲು ತೊಡಗಿದರು. ಸೆಕೆಂಡಿಗೆ ಏಳೂವರೆ ಕಿಲೋಮೀಟರಿನಷ್ಟು ವೇಗದಲ್ಲಿ ಉರುಳುತ್ತಾ ಸಾಗುವ, ಯಾವ ಸಂಕೇತಕ್ಕೂ ಉತ್ತರಿಸದ ವಸ್ತುವನ್ನು ಅದರದೇ ಕಕ್ಷೆಯಲ್ಲಿ, ಅದರದೇ ವೇಗದಲ್ಲಿ ಹೋಗಿ ಸೇರಬೇಕು.

ಈವರೆಗಿನ ಸಾಧನೆಯನ್ನು ಅವರು ಎಲ್ಲಿಯೂ ಉಬ್ಬಿಸಿ ಹೇಳಲಿಲ್ಲ ಎಂಬುದು ನನಗೆ ಬಹಳ ಹಿಡಿಸಿತು. 2018ರಲ್ಲಿ ಸುಮಾರು 100 ಕಿಲೋ ತೂಕದ ರಿಮೂವ್‌ಡೆಬ್ರಿಸ್ ಉಪಗ್ರಹ ಬಲೆ ಬೀಸಿ ಹಿಡಿದದ್ದು ತಾನೇ ಹೊರಬಿಟ್ಟಿದ್ದ ಪುಟ್ಟ ಗುರಿಯನ್ನು. 2021ರಲ್ಲಿ ಎಲ್ಸಾ-ಡಿ ಅಯಸ್ಕಾಂತದಿಂದ ಸೆಳೆದದ್ದು, ಅದಕ್ಕೆಂದೇ ಫಲಕ ಅಳವಡಿಸಿದ್ದ 17 ಕಿಲೋದ ಜೊತೆಗಾರ ಉಪಗ್ರಹವನ್ನು. ಹಳೆಯ ಕಸಕ್ಕೆ ಅಂಥ ಫಲಕವಿಲ್ಲ. ಈ ಮೂರರಲ್ಲಿ, 2024ರಲ್ಲಿ ಜಪಾನಿನ ಅಡ್ರಾಸ್-ಜೆ ಮಾತ್ರ ನಿಜವಾದ ಕಸದತ್ತಲೇ ಹೋಯಿತು. 2009ರಲ್ಲಿ ಹಾರಿದ್ದ, 11 ಮೀಟರ್ ಉದ್ದದ, ಸುಮಾರು ಮೂರು ಟನ್ ತೂಕದ ರಾಕೆಟ್ ಹಂತದಿಂದ 15 ಮೀಟರ್ ಅಂತರದವರೆಗೂ ತಲುಪಿ, ಚಿತ್ರ ತೆಗೆದು, ಅದನ್ನು ಮುಟ್ಟದೆ ಹಿಂದೆ ಸರಿಯಿತು.

ಒಂದು ಉಪಗ್ರಹಕ್ಕೆ ಒಂದೇ ಕಸವಾದರೆ ಪ್ರಯೋಜನವೇನೆಂದು ಸಭಿಕರೊಬ್ಬರು ಕೇಳಿದರು. 2009ರಲ್ಲಿ ಇರಿಡಿಯಂ 33 ಮತ್ತು ನಿಷ್ಕ್ರಿಯವಾಗಿದ್ದ ಕಾಸ್ಮಾಸ್ 2251 ಎಂಬ ಉಪಗ್ರಹಗಳು ಡಿಕ್ಕಿಯಾಗಿ ಸಾವಿರಾರು ಚೂರುಗಳಾದದ್ದನ್ನು ನೆನಪಿಸಿದ ಮಾರ್ಗದರ್ಶಕರು, ಆದ್ದರಿಂದಲೇ ದೊಡ್ಡ ವಸ್ತುಗಳು ಒಡೆಯುವ ಮುನ್ನವೇ ಅವನ್ನು ಇಳಿಸಬೇಕೆಂದರು. ಈ ಉತ್ತರ ನನಗೆ ಒಪ್ಪಿಗೆಯಾಯಿತು.

ಕೊರತೆಗಳೂ ಇವೆ. ನಡುನಡುವೆ ಹೊತ್ತಿಸುವ ಪ್ರೊಜೆಕ್ಟರಿನ ಬೆಳಕಿಗೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡುತ್ತದೆ. ಚಿತ್ರಗಳನ್ನು ಮೊದಲೇ ಒಳಗೆ ತೋರಿಸಬಹುದಿತ್ತು. ಇಸ್ರೋ ಬಗ್ಗೆ ಒಂದು ಮಾತೂ ಬರಲಿಲ್ಲ. ತಲಾ ಸುಮಾರು 220 ಕಿಲೋ ತೂಕದ ಎರಡು ಸ್ಪೇಡೆಕ್ಸ್ ಉಪಗ್ರಹಗಳು 2025ರ ಜನವರಿಯಲ್ಲಿ ಕಕ್ಷೆಯಲ್ಲೇ ಜೋಡಣೆಗೊಂಡದ್ದು ಇದೇ ಕೌಶಲದ ಭಾಗ. ರಾಕೆಟ್ಟಿನ ಕೊನೆಯ ಹಂತವನ್ನೇ ಪ್ರಯೋಗಗಳಿಗೆ ಬಳಸಿದ ಪೋಯಂ-3 ತನ್ನ ಕೆಲಸ ಮುಗಿಸಿ, ಕಸವಾಗಿ ಉಳಿಯದೆ 2024ರ ಮಾರ್ಚ್‌ನಲ್ಲಿ ವಾತಾವರಣಕ್ಕೆ ಮರಳಿದ್ದನ್ನು ಇಲ್ಲಿನ ಶಾಲಾ ಮಕ್ಕಳು ಕೇಳಲೇಬೇಕಿತ್ತು. ವಿವರಣೆಯೆಲ್ಲ ಕನ್ನಡದಲ್ಲೇ ಇರುವುದರಿಂದ ಹತ್ತು ವರ್ಷ ದಾಟಿದ ಮಕ್ಕಳನ್ನು ಧಾರಾಳವಾಗಿ ಕರೆದೊಯ್ಯಬಹುದು. ದಪ್ಪನೆಯ ಸ್ವೆಟರ್ ಜೊತೆಗಿರಲಿ.