ಮೂರನ್ನೂ ಓದಿ ನೋಡಿದ ಮೇಲೆ: ಕೊರಿಯಾವನ್ನು ಅರಿಯಲು ಯಾವ ದಾರಿ?

ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯಿಂದ ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಪುಟ್ಟಿ, ಮಗಳು ಏನು ಓದುತ್ತಿದ್ದಾಳೆ ಎಂದು ಇಲ್ಲಿ ಕೇಳುತ್ತಾರೆ. ಏನೆಂದು ಹೇಳಲಿ?" ಮೊದಲ ವರ್ಷ ಉತ್ತರ ಸುಲಭವಿತ್ತು, ಕೊರಿಯನ್ ಭಾಷೆ. ಎರಡನೆಯ ವರ್ಷವೂ ಸುಲಭವೇ, ಕೊರಿಯನ್ ಸಾಹಿತ್ಯ. ಮೂರನೆಯ ವರ್ಷ ನಾನು ವಿಭಾಗ ಬದಲಿಸಿ, ಇತಿಹಾಸ, ಸಮಾಜಶಾಸ್ತ್ರ, ಮಾನವಶಾಸ್ತ್ರ, ಸಾಹಿತ್ಯಗಳನ್ನು ಒಟ್ಟಿಗೆ ಹೆಣೆದು ಕೊರಿಯಾದ ಸಂಸ್ಕೃತಿ ಮತ್ತು ಸಮಾಜವನ್ನು ಓದಿಸುವ ಅಂತರ್‌ಶಿಸ್ತೀಯ ಪದವಿಗೆ ಸೇರಿದಾಗ, ಅಪ್ಪನ ಕೈಗೆ ಕೊಡಲು ಒಂದು ಪದ ನನ್ನಲ್ಲಿ ಇರಲಿಲ್ಲ. ಆದರೂ ಸುರಿದ ಹಣಕ್ಕೂ ಕಳೆದ ವರ್ಷಗಳಿಗೂ ತಕ್ಕ ಫಲ ಕೊಟ್ಟದ್ದು ಈ ಮೂರನೆಯದೇ. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಒಂದೇ ವಿಶ್ವವಿದ್ಯಾಲಯದಲ್ಲಿ ಮೂರನ್ನೂ ಓದಿದ್ದರಿಂದ ಹೋಲಿಸುವ ಧೈರ್ಯ ಮಾಡುತ್ತಿದ್ದೇನೆ.

ಭಾಷಾ ಕೇಂದ್ರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹತ್ತು ವಾರಕ್ಕೊಂದು ಹಂತ, ದಿನಕ್ಕೆ ನಾಲ್ಕು ಗಂಟೆಯಂತೆ ಹಂತಕ್ಕೆ 200 ಗಂಟೆ, ಒಟ್ಟು ಆರು ಹಂತ. ನಾನು ನಾಲ್ಕು ಹಂತ ಮುಗಿಸಿ, ಕೊರಿಯನ್ ಭಾಷೆ ಎಷ್ಟು ಬರುತ್ತದೆಂದು ಅಳೆಯುವ ಟೋಪಿಕ್ ಪರೀಕ್ಷೆಯಲ್ಲಿ 4ನೇ ಹಂತ ಪಡೆದೆ. 300ಕ್ಕೆ 150 ಅಂಕ ಬಂದರೆ ಅದು ಸಿಗುತ್ತದೆ. ಸಂಸ್ಕೃತಿ ಎಂದರೆ ಅಲ್ಲಿ ಒಂದು ದಿನ ಅವರ ಸಾಂಪ್ರದಾಯಿಕ ಉಡುಪಾದ ಹನ್‌ಬೊಕ್ ಉಡುವುದು, ಇನ್ನೊಂದು ದಿನ ಕಿಮ್ಚಿ ಕಲಸುವುದು. ಬುನಾದಿಗೆ ಬೇಕೇ ಬೇಕು, ಆದರೆ ಅಷ್ಟಕ್ಕೇ ನಿಂತರೆ ಊರು ನೋಡಿದ ಹಾಗಾಗುತ್ತದೆಯೇ ಹೊರತು ಊರಿನವರನ್ನು ಅರಿತ ಹಾಗಲ್ಲ.

ಭಾಷೆ ಮತ್ತು ಸಾಹಿತ್ಯದ ವಿಭಾಗದ ಮೇಲೆ ನನಗೆ ಇಂದಿಗೂ ಗೌರವವಿದೆ. ಅಲ್ಲಿನ ಒಂದು ಮಧ್ಯಾಹ್ನ ಕಣ್ಣಿಗೆ ಕಟ್ಟಿದಂತಿದೆ. 1443ರಲ್ಲಿ ದೊರೆ ಸೆಜೊಂಗ್ ರೂಪಿಸಿ 1446ರಲ್ಲಿ ಜನರ ಮುಂದಿಟ್ಟ ಹಂಗುಲ್ ಲಿಪಿಯ ವಿವರಣೆಯನ್ನು ಪ್ರಾಧ್ಯಾಪಕರು ಓದಿಸುತ್ತಿದ್ದರು. ಮೊದಲಿದ್ದ 28 ಅಕ್ಷರಗಳಲ್ಲಿ ಇಂದು ಉಳಿದಿರುವುದು 24. ವ್ಯಂಜನಗಳನ್ನು ದವಡೆ, ನಾಲಿಗೆ, ತುಟಿ, ಹಲ್ಲು, ಗಂಟಲು ಎಂದು ಐದು ಗುಂಪು ಮಾಡಿದ್ದಾರೆ ಎಂದು ಅವರು ಕಪ್ಪುಹಲಗೆಯ ಮೇಲೆ ಬರೆದಾಗ, ಒಂದನೇ ತರಗತಿಯಲ್ಲಿ ಕ ಖ ಗ ಘ ಙ ಎಂದು ಕೂಗಿ ಹೇಳಿದ್ದು ನೆನಪಾಗಿ ಮೈ ಜುಮ್ಮೆಂದಿತು. ಕಂಠ್ಯ, ತಾಲವ್ಯ, ಓಷ್ಠ್ಯ ಎಂದು ನಮ್ಮ ಮೇಷ್ಟರು ಹೇಳಿಕೊಟ್ಟಿದ್ದನ್ನೇ ಇಲ್ಲಿ ಇನ್ನೊಂದು ಬಗೆಯಲ್ಲಿ ಕೇಳುತ್ತಿದ್ದೆ. ಕ್ರಿಯಾಪದ ಕೊನೆಗೆ ಬರುವುದು, ನಾಮಪದದ ಬೆನ್ನಿಗೆ ಪ್ರತ್ಯಯ ಅಂಟುವುದು, ಹಿರಿಯರಿಗೆ ಕ್ರಿಯಾಪದವೇ ತಲೆಬಾಗುವುದು, ಇವೆಲ್ಲ ಕನ್ನಡದವರಿಗೆ ಹೊಸತಲ್ಲ. ತಂದೆಯನ್ನು ಅವರೂ 'ಅಪ್ಪಾ' ಎನ್ನುತ್ತಾರೆ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕದವರು 1905ರಷ್ಟು ಹಿಂದೆಯೇ ಕೊರಿಯನ್ನನ್ನೂ ದ್ರಾವಿಡ ಭಾಷೆಗಳನ್ನೂ ಹೋಲಿಸಿ ವ್ಯಾಕರಣ ಬರೆದಿದ್ದರು. ಎರಡೂ ಒಂದೇ ಕುಲದ ಭಾಷೆಗಳು ಎಂಬ ಮಾತನ್ನು ಇಂದಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ಆದರೂ ವಾಕ್ಯ ಕಟ್ಟುವಾಗ ಆ ನಂಟಿನ ಹಿತ ನನಗೆ ಪ್ರತಿದಿನ ಸಿಗುತ್ತಿತ್ತು.

ತೊಂದರೆ ಬೇರೆ ಕಡೆಯಿತ್ತು. ನನ್ನ ಪಕ್ಕದಲ್ಲಿ ಕುಳಿತವರು ಹದಿನೈದನೆಯ ಶತಮಾನದ ಪಠ್ಯಗಳನ್ನು ಪ್ರೌಢಶಾಲೆಯಲ್ಲೇ ಅರೆದು ಕುಡಿದವರು. ಇಲ್ಲಿ ಶ್ರೇಣಿ ಕೊಡುವುದು ಉಳಿದವರೊಂದಿಗೆ ತೂಗಿ ನೋಡಿ, ಎ ಶ್ರೇಣಿ ತರಗತಿಯ ಇಂತಿಷ್ಟು ಪಾಲಿಗೆ ಮಾತ್ರ. ಹಗಲೂ ರಾತ್ರಿ ಓದಿದರೂ ನನಗೆ ಸಿಗುತ್ತಿದ್ದದ್ದು ಸಿ. ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು, ನಾನು ಬೀದಿಯಲ್ಲಿ ಕಂಡ ಯಾವ ಪ್ರಶ್ನೆಗೂ ಆ ತರಗತಿಯಲ್ಲಿ ಜಾಗವಿಲ್ಲದಿದ್ದದ್ದು.

ಒಂದು ಉದಾಹರಣೆ ಕೊಡುತ್ತೇನೆ. ನಾನಾಗ ಗುಡ್ಡದ ಮೇಲಿನ ಬಡಾವಣೆಯೊಂದರಲ್ಲಿ, ಅರ್ಧ ನೆಲದೊಳಗೆ ಹುದುಗಿದ ಕೋಣೆಯಲ್ಲಿದ್ದೆ. ಇಲ್ಲಿ ಅದಕ್ಕೆ ಬಾನ್‌ಜಿಹಾ ಎನ್ನುತ್ತಾರೆ. ಕಿಟಕಿ ನನ್ನ ತಲೆಯ ಮಟ್ಟಕ್ಕೆ, ರಸ್ತೆ ಕಿಟಕಿಯ ಮಟ್ಟಕ್ಕೆ. ಬೆಳಿಗ್ಗೆ ಪರದೆ ಸರಿಸಿದರೆ ಮೊದಲು ಕಾಣುವುದು ಕಾಲುಗಳು: ಶಾಲೆಗೆ ಹೊರಟ ಮಕ್ಕಳ ಬಿಳಿ ಶೂಗಳು, ಹಳೆಯ ರಟ್ಟು ಆಯುವ ಅಜ್ಜಿಯ ತಳ್ಳುಗಾಡಿಯ ಚಕ್ರ. ಶೌಚಾಲಯ ಕೋಣೆಯ ನೆಲಕ್ಕಿಂತ ಎರಡು ಮೆಟ್ಟಿಲು ಎತ್ತರದಲ್ಲಿತ್ತು. ಹೊರಗಿನ ಕೊಳವೆಗಿಂತ ಕೋಣೆಯೇ ತಗ್ಗಿನಲ್ಲಿದ್ದದ್ದು ಕಾರಣ. ಜುಲೈ ಮಳೆ ಹಿಡಿದರೆ ಗೋಡೆಗೆ ಅಂಟಿಸಿದ ಕಾಗದದ ಹಿಂದೆ ಬೂಷ್ಟು ಹಬ್ಬುತ್ತಿತ್ತು. ಸಾಹಿತ್ಯ ವಿಭಾಗದಲ್ಲಿ ನಾನು ಕಲಿತದ್ದು ಈ ಪದದ ಬಿಡಿಭಾಗಗಳನ್ನು: 'ಬಾನ್' ಎಂದರೆ ಅರ್ಧ, 'ಜಿಹಾ' ಎಂದರೆ ನೆಲದಡಿ. ಅಲ್ಲಿಗೆ ಮುಗಿಯಿತು.

ಹೊಸ ಪದವಿಯ ಮೊದಲ ವರ್ಷವೇ ಅದೇ ಕಿಟಕಿ ನನ್ನ ಪ್ರಬಂಧದ ವಿಷಯವಾಯಿತು. ಇತಿಹಾಸದ ಪ್ರಾಧ್ಯಾಪಕರು ನನ್ನನ್ನು 1968ಕ್ಕೆ ಕರೆದೊಯ್ದರು. ಆ ಜನವರಿಯಲ್ಲಿ ಉತ್ತರ ಕೊರಿಯಾದ ಕಮಾಂಡೊಗಳು ಅಧ್ಯಕ್ಷರ ನಿವಾಸದ ಹತ್ತಿರದವರೆಗೆ ನುಗ್ಗಿದ್ದರು. 1970ರಲ್ಲಿ ಕಟ್ಟಡದ ಕಾನೂನು ತಿದ್ದಿ, ಯುದ್ಧ ಬಂದರೆ ಅಡಗಲು ನೆಲಮಾಳಿಗೆ ಇರಬೇಕೆಂದರು. ಆ ನೆಲಮಾಳಿಗೆಗಳನ್ನು ಬಾಡಿಗೆಗೆ ಕೊಡುವುದು ಮೊದಲು ಕಾನೂನಿಗೆ ವಿರುದ್ಧವಾಗಿತ್ತು. ಹಳ್ಳಿಗಳು ಸೋಲ್‌ಗೆ ಗುಳೆ ಬಂದು 1980ರ ದಶಕದಲ್ಲಿ ಮನೆಗಳ ಕೊರತೆ ಮಿತಿಮೀರಿದಾಗ ಸರ್ಕಾರ ಅದನ್ನು ಒಪ್ಪಿಕೊಳ್ಳಬೇಕಾಯಿತು ಎಂಬುದನ್ನು ಸಮಾಜಶಾಸ್ತ್ರದ ತರಗತಿಯಲ್ಲಿ ಕೇಳಿದೆ. ಮಾನವಶಾಸ್ತ್ರದವರು, ಪುಸ್ತಕ ಮುಚ್ಚಿಟ್ಟು ಪಕ್ಕದ ಮನೆಯ ಬಾಗಿಲು ತಟ್ಟು ಎಂದರು. ತಟ್ಟಿದೆ. 2022ರ ಆಗಸ್ಟ್ ಮಳೆಯಲ್ಲಿ ಸಿಲ್ಲಿಮ್ ಬಡಾವಣೆಯ ಇಂಥದ್ದೇ ಮನೆಯೊಳಗೆ ನೀರು ನುಗ್ಗಿ ಒಂದೇ ಕುಟುಂಬದ ಮೂವರು ತೀರಿಕೊಂಡ ರಾತ್ರಿಯನ್ನು ನೆನೆದು, ಪಕ್ಕದ ಮನೆಯ ಅಜ್ಜಿ ಕಿಟಕಿಯ ಕಬ್ಬಿಣದ ಸರಳುಗಳನ್ನು ಮುಟ್ಟಿ ತೋರಿಸಿದರು. ಕಳ್ಳರು ಬಾರದಿರಲಿ ಎಂದು ಹಾಕಿಸಿದ ಸರಳುಗಳ ಕಡೆಯಿಂದ ನೀರು ಬಂದಾಗ ಹೊರಗೆ ಹೋಗುವುದು ಹೇಗೆ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಆ ಸಂಜೆಯೇ, ಈ ಪದವಿಯನ್ನು ಬಿಡಬಾರದು ಎಂದು ಮನಸ್ಸು ಗಟ್ಟಿಯಾಯಿತು.

ಇನ್ನೊಂದು ಲಾಭವನ್ನು ನಾನು ಕನಸಿನಲ್ಲೂ ನೆನೆಸಿರಲಿಲ್ಲ. ಕೊರಿಯಾ ಯುದ್ಧದ ಪಾಠದಲ್ಲಿ 1953ರ ಜುಲೈ ಕದನವಿರಾಮದ ನಂತರ ತಾಯ್ನಾಡಿಗೆ ಮರಳಲು ಒಪ್ಪದ ಯುದ್ಧಕೈದಿಗಳ ವಿಚಾರ ಬಂತು. ಅವರ ಭವಿಷ್ಯ ತೀರ್ಮಾನಿಸಲು ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ, ಭಾರತ ಸೇರಿದ ಆಯೋಗವಿತ್ತು. ಅದರ ಅಧ್ಯಕ್ಷರು ಮಡಿಕೇರಿಯಲ್ಲಿ ಹುಟ್ಟಿದ ನಮ್ಮ ಜನರಲ್ ಕೆ.ಎಸ್. ತಿಮ್ಮಯ್ಯ. ಉತ್ತರವೂ ಬೇಡ, ದಕ್ಷಿಣವೂ ಬೇಡ ಎಂದ ಕೊರಿಯನ್ನರೂ ಸೇರಿದಂತೆ 80ಕ್ಕೂ ಹೆಚ್ಚು ಕೈದಿಗಳು 1954ರಲ್ಲಿ ಹಡಗು ಹತ್ತಿ ಭಾರತಕ್ಕೆ ಬಂದರು. ಇತಿಹಾಸದಲ್ಲಿ ಅದು ಒಂದು ಪುಟ. ಅದೇ ವಾರ ಸಾಹಿತ್ಯದ ತರಗತಿಯಲ್ಲಿ, ಮೂರನೆಯ ದೇಶವನ್ನು ಆರಿಸಿಕೊಂಡ ಕೈದಿಯ ಒಂಟಿತನ ಇಲ್ಲಿನ ಕಥನದಲ್ಲಿ ಹೇಗೆ ಬಂದಿದೆ ಎಂದು ಚರ್ಚೆ ನಡೆಯಿತು. ಅಂತರರಾಷ್ಟ್ರೀಯ ಸಂಬಂಧಗಳ ತರಗತಿಯಲ್ಲಿ ಭಾರತದ ಅಲಿಪ್ತ ನೀತಿ. ತಿಮ್ಮಯ್ಯನವರ ಬಗ್ಗೆ ಹೇಳು ಎಂದು ಪ್ರಾಧ್ಯಾಪಕರು ನನ್ನನ್ನು ಎಬ್ಬಿಸಿ ನಿಲ್ಲಿಸಿದಾಗ, ಮೊದಲ ಬಾರಿಗೆ ಆ ಕೋಣೆಯಲ್ಲಿ ನಾನು ಕೇಳುವವಳಲ್ಲ, ಹೇಳುವವಳಾಗಿದ್ದೆ.

ಇಷ್ಟು ಹೊಗಳಿದ ಮೇಲೆ ಈ ಪದವಿ ನನ್ನನ್ನು ಅಳಿಸಿದ ಸಂಗತಿಯನ್ನೂ ಬಿಚ್ಚಿ ಹೇಳಬೇಕು. ಅದು ಪಾಠಗಳ ನೋಂದಣಿ.

ಹಲವು ವಿಭಾಗಗಳನ್ನು ಹೆಣೆದ ಪದವಿಗೆ ತನ್ನದೇ ಆದ ಅಧ್ಯಾಪಕರು ಕಡಿಮೆ; ನಮ್ಮಲ್ಲಿ ಮೂವರೇ. ಉಳಿದ ಪಾಠಗಳೆಲ್ಲ ಬೇರೆ ವಿಭಾಗಗಳವು, ಅವುಗಳ ಸೀಟುಗಳು ಮೊದಲು ಆಯಾ ವಿಭಾಗದ ಮಕ್ಕಳಿಗೆ. ನಾಲ್ಕು ಮನೆಗೂ ಬೇಕಾದ ನೆಂಟನಿಗೆ ಯಾವ ಮನೆಯಲ್ಲೂ ಎಲೆ ಹಾಕಿರುವುದಿಲ್ಲ. ನೋಂದಣಿಗೆ ಕೆಲವು ದಿನ ಮೊದಲು ಬೇಕಾದ ಪಾಠಗಳನ್ನು ಜಾಂಗ್‌ಬಗುನಿಗೆ, ಅಂದರೆ ಸಂತೆಬುಟ್ಟಿಗೆ, ಹಾಕಿಡಬೇಕು. ಬೇಡಿದವರು ಸೀಟಿಗಿಂತ ಕಡಿಮೆಯಿದ್ದರೆ ತಾನಾಗಿ ಸಿಗುತ್ತದೆ. ಹೆಚ್ಚಾದರೆ ನೋಂದಣಿಯ ದಿನ ಬೆಳಿಗ್ಗೆ ಹತ್ತಕ್ಕೆ ಯಾರು ಮೊದಲು ಒತ್ತುತ್ತಾರೋ ಅವರಿಗೆ.

ಆ ಆಗಸ್ಟ್ ಬೆಳಿಗ್ಗೆ ಎಂಟೂವರೆಗೇ ನಾನು ಕ್ಯಾಂಪಸ್ ಹತ್ತಿರದ ಪಿಸಿ ಬಾಂಗ್‌ಗೆ, ಅಂದರೆ ಬಾಡಿಗೆಗೆ ಕಂಪ್ಯೂಟರ್ ಸಿಗುವ ಅಂಗಡಿಗೆ, ಹೋಗಿ ಕುಳಿತೆ. ಕೋಣೆಯ ವೈಫೈ ನಂಬಬೇಡ ಎಂದು ಹಿರಿಯ ವಿದ್ಯಾರ್ಥಿನಿಯೊಬ್ಬರು ಎಚ್ಚರಿಸಿದ್ದರು. ಇಲ್ಲಿ ಹಿರಿಯರನ್ನು ಸನ್‌ಬೆ ಎಂದು ಕರೆಯುತ್ತೇವೆ. ಅಲ್ಲಿ ಸಾಲುಸಾಲಾಗಿ ವಿದ್ಯಾರ್ಥಿಗಳು, ಎಲ್ಲರ ಪರದೆಯ ಮೂಲೆಯಲ್ಲೂ ಸರ್ವರ್ ಗಡಿಯಾರ. 9:59:58, 9:59:59. ಇಡೀ ಕೋಣೆಯಲ್ಲಿ ಒಂದೇ ಸಲ ಮೌಸ್‌ಗಳ ಸದ್ದು. ನನ್ನ ಪರದೆ ಬಿಳಿಯಾಯಿತು. ಮತ್ತೆ ಬಣ್ಣ ಬಂದಾಗ ನಗರ ಸಮಾಜಶಾಸ್ತ್ರದ ಮುಂದೆ 'ಸೀಟು ಭರ್ತಿ' ಎಂದಿತ್ತು. 'ವಸಾಹತು ಕಾಲದ ಕೊರಿಯಾ' ಎಂಬ ಇತಿಹಾಸದ ಪಾಠದ ಮುಂದೆಯೂ ಅದೇ. ಹತ್ತು ಗಂಟೆ ದಾಟಿ ಆರು ಸೆಕೆಂಡ್ ಆಗಿತ್ತು. ಎರಡೂ ನನ್ನ ಪದವಿಗೆ ಕಡ್ಡಾಯ ಪಾಠಗಳು.

ಮುಂದಿನ ಎರಡು ವಾರ ಕಾಗದ ಹಿಡಿದು ಅಲೆದೆ. ನಮ್ಮ ವಿಭಾಗದ ಕಚೇರಿಯವರು ಸಮಾಜಶಾಸ್ತ್ರದ ಕಚೇರಿಗೆ ಹೋಗು ಎಂದರು. ಅವರು, ನೀನು ನಮ್ಮ ವಿದ್ಯಾರ್ಥಿನಿಯಲ್ಲ, ನಿನ್ನ ಕಚೇರಿಗೇ ಹೋಗು ಎಂದರು. ಎರಡು ಕಟ್ಟಡಗಳ ನಡುವೆ ಒಂದು ಏರು. ಅದನ್ನು ಎಷ್ಟು ಸಲ ಹತ್ತಿ ಇಳಿದೆನೋ ಲೆಕ್ಕವಿಲ್ಲ. ಕೊನೆಗೆ ಮೊದಲ ತರಗತಿಯ ದಿನ ಹಿಂದೆ ನಿಂತು ಪಾಠ ಕೇಳಿ, ಮುಗಿದ ಮೇಲೆ ಸೊಂಟ ಬಗ್ಗಿಸಿ ನಮಸ್ಕರಿಸಿ ಪ್ರಾಧ್ಯಾಪಕರ ಮುಂದೆ ಅರ್ಜಿ ಚಾಚಿದೆ. ನಗರ ಸಮಾಜಶಾಸ್ತ್ರದವರು, ಯಾಕೆ ಈ ಪಾಠ ಬೇಕು ಎಂದು ಕೇಳಿದರು. ನನ್ನ ಕಿಟಕಿಯ ಕಥೆ ಹೇಳಿದೆ. ಏನೂ ಮಾತನಾಡದೆ ಸಹಿ ಹಾಕಿದರು. ಇತಿಹಾಸದವರು ಹಾಕಲಿಲ್ಲ, ಅವರ ಕೋಣೆಯಲ್ಲಿ ನಿಜಕ್ಕೂ ಇನ್ನೊಂದು ಕುರ್ಚಿಗೆ ಜಾಗವಿರಲಿಲ್ಲ. ಆ ಪಾಠ ನಡೆಯುವುದು ಎರಡು ವರ್ಷಕ್ಕೊಮ್ಮೆ.

ಯಾವುದು ಕಡ್ಡಾಯ ಎಂದು ಪಟ್ಟಿ ಮಾಡುವವರು ಒಬ್ಬರು, ಸೀಟು ಕೊಡುವವರು ಇನ್ನೊಬ್ಬರು. ನಡುವೆ ಸಿಕ್ಕಿಕೊಳ್ಳುವುದು ವಿದ್ಯಾರ್ಥಿ. ಸೇರುವ ಮೊದಲು ಒಂದೇ ಪ್ರಶ್ನೆ ಕೇಳಬೇಕಿತ್ತು: ಬೇರೆ ವಿಭಾಗದ ಕಡ್ಡಾಯ ಪಾಠಗಳಲ್ಲಿ ನಮಗೆಂದು ಎಷ್ಟು ಸೀಟು ಕಾದಿರಿಸಿದ್ದೀರಿ? ಸಾಹಿತ್ಯ ವಿಭಾಗದಲ್ಲಿ ಈ ಗೋಳು ಒಂದು ದಿನವೂ ಇರಲಿಲ್ಲ.

ಇಂಗ್ಲಿಷ್ ಮಾಧ್ಯಮದ ಬಗ್ಗೆಯೂ ಒಂದು ಮಾತು. ನಮ್ಮ ಆರಂಭದ ಪಾಠಗಳು ಇಂಗ್ಲಿಷಿನಲ್ಲಿ, ಮೇಲಿನವು ಕೊರಿಯನ್‌ನಲ್ಲಿ. ಇಂಗ್ಲಿಷ್ ತರಗತಿಗಳಲ್ಲಿ ಅರ್ಧದಷ್ಟು ಮಂದಿ ಒಂದು ಸೆಮಿಸ್ಟರ್‌ಗೆಂದು ಬಂದವರು, ಆದ್ದರಿಂದ ಚರ್ಚೆ ಪ್ರತಿ ಸಲವೂ ಮೊದಲ ಮೆಟ್ಟಿಲಿನಿಂದಲೇ ಶುರು. ಕೊರಿಯನ್ ತರಗತಿಗೆ ಹೆದರಿ ಅಲ್ಲೇ ಉಳಿಯಬಾರದು.

ಖರ್ಚು: ಭಾಷಾ ಕೇಂದ್ರಕ್ಕೆ ಹತ್ತು ವಾರಕ್ಕೆ ಸುಮಾರು 17 ಲಕ್ಷ ವೋನ್, ಅಂದರೆ ಒಂದು ಲಕ್ಷ ರೂಪಾಯಿಗೂ ಮೇಲೆ ಕಟ್ಟಿದೆ. ಪದವಿಗೆ ಎರಡೂ ವಿಭಾಗಗಳಲ್ಲಿ ಸೆಮಿಸ್ಟರ್‌ಗೆ ಸುಮಾರು 45 ಲಕ್ಷ ವೋನ್. ಹೊಸ ವಿಭಾಗದಲ್ಲಿ ಅಂಕ ಏರಿದ್ದರಿಂದ ಶುಲ್ಕದಲ್ಲಿ ರಿಯಾಯಿತಿ ಸಿಕ್ಕಿತು. ಸಿ ಶ್ರೇಣಿಗಳ ಕಾಲದಲ್ಲಿ ಅದು ಸಿಕ್ಕಿರಲಿಲ್ಲ. ನನ್ನಂಥವಳಿಗೆ ಆ ವ್ಯತ್ಯಾಸ ಎರಡು ತಿಂಗಳ ಬಾಡಿಗೆ. ಅನುಮತಿ ಪಡೆಯದೆ ಅರೆಕಾಲಿಕ ಕೆಲಸ ಮಾಡುವಂತಿಲ್ಲ, ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ದುಭಾಷಿಯಾಗಬೇಕೆನ್ನುವವರು ನನ್ನ ಮಾತು ಕೇಳಬೇಡಿ, ಭಾಷಾ ವಿಭಾಗಕ್ಕೇ ಸೇರಿ. ಶ್ರೀಪೆರಂಬುದೂರಿನಲ್ಲಿ ಕೊರಿಯಾದ ಕಾರು ಕಂಪನಿ ಹುಂಡೈ ಇದೆ, ನಮ್ಮ ಗಡಿಯಾಚೆ ಪೆನುಕೊಂಡದ ಬಳಿ ಕಿಯಾ ಇದೆ. ಅಲ್ಲಿ ಬೇಕಾಗುವುದು ತಪ್ಪಿಲ್ಲದ ನಾಲಿಗೆ. ನನಗೆ ಉರು ಹೊಡೆಯುವುದು ಬಾರದು. ಕಾಲ್ನಡಿಗೆಯಲ್ಲಿ ಸುತ್ತಬೇಕು, ಕಂಡದ್ದನ್ನು ಕೇಳಬೇಕು, ಮನೆಗೆ ಬಂದು ಬರೆಯಬೇಕು. ಈ ಗುಣಕ್ಕೆ ಹೊಂದಿದ್ದು ಈ ಪದವಿ. ನೋಂದಣಿಯ ಗೋಳನ್ನು ಪೂರ್ತಿ ಲೆಕ್ಕಕ್ಕೆ ಹಿಡಿದರೂ ಮತ್ತೆ ಇದನ್ನೇ ಆರಿಸುತ್ತೇನೆ.

ಚಿಕ್ಕಮ್ಮನ ಮಗಳು ಮುಂದಿನ ಮಾರ್ಚ್‌ಗೆ ಇಲ್ಲಿಗೆ ಬರಬೇಕೆಂದಿದ್ದಾಳೆ. ಮೊದಲೆರಡು ಹಂತದ ಭಾಷೆಯನ್ನು ಊರಿನಲ್ಲೇ ಕಲಿತು ಬಾ, ಎರಡು ಲಕ್ಷ ರೂಪಾಯಿ ಉಳಿಯುತ್ತದೆ ಎಂದಿದ್ದೇನೆ. ಸೀಟಿಗಾಗಿ ಪ್ರಾಧ್ಯಾಪಕರಿಗೆ ರಜೆಯಲ್ಲೇ ಪತ್ರ ಬರೆಯುವುದು ಹೇಗೆಂದು ನನ್ನ ಹಳೆಯ ಪತ್ರಗಳನ್ನೇ ಮಾದರಿಗೆ ಕಳಿಸಿದ್ದೇನೆ. ತಪ್ಪಿಹೋಗಿದ್ದ ವಸಾಹತು ಕಾಲದ ಕೊರಿಯಾವನ್ನು ನಾನು ಈ ಕೊನೆಯ ಸೆಮಿಸ್ಟರ್‌ನಲ್ಲಿ ಓದುತ್ತಿದ್ದೇನೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು. ಅದು ಮತ್ತೆ ಯಾವ ವರ್ಷ ನಡೆಯುತ್ತದೆ ಎಂಬುದನ್ನು ಅವಳಿಗೆ ಈಗಲೇ ಬರೆದು ಕೊಟ್ಟಿದ್ದೇನೆ.