ಜಿಂಕೆ ಫಾರಂನ ನಕ್ಷೆ, ಕಡೂರಿನ ಕುರಿದೊಡ್ಡಿ: ಬೇಲಿ ಕೆಲಸದವರ ಬಗ್ಗೆ ಒಂದು ವಿಮರ್ಶೆ

ಕಡೂರು ತಾಲ್ಲೂಕಿನಲ್ಲಿರುವ ನಮ್ಮ ಮೂರು ಎಕರೆ ಹೊಲಕ್ಕೆ ಸುತ್ತುಬೇಲಿ, ನೂರಿಪ್ಪತ್ತು ಕುರಿ ಹಾಗೂ ಮೂವತ್ತು ಮೇಕೆಗಳಿಗೆ ದೊಡ್ಡಿಗಳು, ಒಂದು ದೊಡ್ಡಿಯಿಂದ ಇನ್ನೊಂದಕ್ಕೆ ಮಂದೆ ಹೊಡೆಯಲು ಓಣಿ, ಇಷ್ಟನ್ನೂ ಹಾಸನದ ಕಡೆಯ ಒಂದು ಫ್ಯಾಬ್ರಿಕೇಶನ್ ತಂಡದಿಂದ ಮಾಡಿಸಿ ವರ್ಷ ತುಂಬಿದೆ. ತಂಡದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆದ ತಪ್ಪುಗಳಲ್ಲಿ ಕೆಲವಕ್ಕೆ ತಲೆಯಾಡಿಸಿ ಒಪ್ಪಿದವನು ನಾನೇ.

ಮೊದಲ ದಿನವೇ ಮೇಸ್ತ್ರಿಯವರು ಫೋನಿನಲ್ಲಿ ನ್ಯೂಜಿಲೆಂಡಿನ ಒಂದು ಜಿಂಕೆ ಫಾರಂನ ನಕ್ಷೆ ತೋರಿಸಿ, ಅದೇ ಮಾದರಿಯಲ್ಲಿ ಮಾಡಿಕೊಡುವುದಾಗಿ ಹೇಳಿದರು. ಆ ದೇಶದಲ್ಲಿ ಜಿಂಕೆ ಸಾಕಣೆಗೆ 1969ರಲ್ಲಿ ಕಾನೂನಿನ ಒಪ್ಪಿಗೆ ಸಿಕ್ಕಿತು, ಅಲ್ಲಿ ಸುತ್ತುಬೇಲಿ ಹೆಚ್ಚುಕಡಿಮೆ ಎರಡು ಮೀಟರ್ ಎತ್ತರ ಇರುತ್ತದೆ. ನಮ್ಮಲ್ಲಿ ಜಿಂಕೆ, ಕಡವೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ ಖಾಸಗಿಯಾಗಿ ಸಾಕುವ ಮಾತೇ ಇಲ್ಲ. (ಬೇಲಿ ಏಳುವಾಗ ಊರಿನ ಮೂವರು ಜಿಂಕೆ ತರುತ್ತೀರಾ ಎಂದು ವಿಚಾರಿಸಿದ್ದರಿಂದ ಇದನ್ನು ಹೇಳಬೇಕಾಯಿತು.) ಆದರೂ ಬೆದರುವ ಪ್ರಾಣಿಗಾಗಿ ಯೋಚಿಸಿ ಬರೆದ ನಕ್ಷೆ ಕುರಿಗೂ ಆದೀತೆಂದು ನಾನು ಒಪ್ಪಿದೆ. ಆ ನಕ್ಷೆಯಿಂದ ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಸುತ್ತುಬೇಲಿಯ ಬಗ್ಗೆ ಹೇಳುವುದಾದರೆ ಕೆಲಸ ಗಟ್ಟಿಯಾಗಿದೆ. ಏಳು ಅಡಿಯ ಕಲ್ಲುಕಂಬಗಳನ್ನು ಹತ್ತು ಅಡಿಗೊಂದರಂತೆ ಎರಡು ಅಡಿ ಆಳಕ್ಕೆ ನೆಟ್ಟು, ಮೂಲೆಗಳಿಗೆ ಎರಡೂ ಕಡೆ ಓರೆಗಂಬ ಕೊಟ್ಟು, ಐದು ಅಡಿ ಎತ್ತರಕ್ಕೆ ಸತು ಲೇಪಿಸಿದ ಹೆಣೆದ ತಂತಿಬಲೆ ಎಳೆದಿದ್ದಾರೆ. ಸುಮಾರು 1,440 ಅಡಿಗೆ, ಅಡಿಯೊಂದಕ್ಕೆ 140 ರೂಪಾಯಿ ಲೆಕ್ಕ. ಬಲೆಯ ಕಣ್ಣುಗಳು ಕೆಳಗೆ ಸಣ್ಣದಾಗಿ, ಮೇಲೆ ಹೋದಂತೆ ದೊಡ್ಡದಾಗಿರುವುದರಿಂದ ಮರಿಗಳು ನುಸುಳುವುದಿಲ್ಲ. ನಾಯಿಗಳು ಕೆರೆದು ಒಳಬರದಂತೆ ಬಲೆಯ ಬುಡದಲ್ಲಿ ಹೊರಮುಖವಾಗಿ ಒಂದು ಅಡಿ ಮೆಶ್ ಹಾಸಿ ಮಣ್ಣು ಮುಚ್ಚಲು ನಾನು ಕೇಳಿದಾಗ ಹೆಚ್ಚಿನ ಕೂಲಿ ಕೇಳದೆ ಮಾಡಿಕೊಟ್ಟರು. ಚಿರತೆಯನ್ನು ಇಂಥ ಬೇಲಿ ತಡೆಯುವುದಿಲ್ಲ, ಅದಕ್ಕೆ ರಾತ್ರಿ ಮೇಲ್ಛಾವಣಿಯಿರುವ ಮುಚ್ಚಿದ ಕೊಟ್ಟಿಗೆಯೇ ಬೇಕು ಎಂದು ಅವರಾಗಿಯೇ ಹೇಳಿದ್ದು ನನಗೆ ಮೆಚ್ಚುಗೆಯಾಯಿತು. ದೂರಿರುವುದು ಒಂದೇ. ಬಲೆಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುವ ತಂತಿಗಳ ನಡುವೆ ಆರು ಅಂಗುಲ ಬಿಟ್ಟದ್ದರಿಂದ ಕೊಂಬಿರುವ ಮೇಕೆಗಳು ತಲೆ ತೂರಿಸಿ, ಹಿಂದಕ್ಕೆ ಎಳೆದುಕೊಳ್ಳಲಾರದೆ ಅರಚುತ್ತವೆ. ನಾಲ್ಕು ಅಂಗುಲವಾಗಿದ್ದರೆ ತಲೆ ತೂರುತ್ತಿರಲಿಲ್ಲ, ಒಂದು ಅಡಿಯಾಗಿದ್ದರೆ ಸಲೀಸಾಗಿ ಹೊರಬರುತ್ತಿತ್ತು. ಆರು ಅಂಗುಲ ಎರಡೂ ಅಲ್ಲದ ಅಳತೆ. ಮೇಕೆಗಳ ದೊಡ್ಡಿಯ ಪಕ್ಕಕ್ಕೆ ನಾನೇ ಬೇರೆ ಮೆಶ್ ಕಟ್ಟಿಸಿದೆ.

ತೊಂದರೆಯೆಲ್ಲ ಓಣಿಯಲ್ಲಿ. ಲಸಿಕೆ ಹಾಕಲು, ಜಂತುನಾಶಕ ಕುಡಿಸಲು ಕುರಿಗಳು ಒಂದರ ಹಿಂದೆ ಒಂದು ನಿಲ್ಲಬೇಕಾದ ಕಿರು ಓಣಿಯನ್ನು ಅವರು ಮೂರು ಅಡಿ ಅಗಲಕ್ಕೆ ಮಾಡಿದರು, ಕೆಲಸದವರು ಒಳಗೆ ಓಡಾಡಲು ಅನುಕೂಲ ಎಂಬ ಕಾರಣಕ್ಕೆ. ಮೂರು ಅಡಿಯಲ್ಲಿ ಕುರಿ ಆರಾಮವಾಗಿ ಹಿಂದಿರುಗುತ್ತದೆ. ಮೊದಲ ಸಲ ಪಿಪಿಆರ್ (ಕುರಿ, ಮೇಕೆಗಳಿಗೆ ಬರುವ ಒಂದು ಸಾಂಕ್ರಾಮಿಕ ರೋಗ) ಲಸಿಕೆ ಹಾಕಿಸುವಾಗ ಮುಂದಿನ ಕುರಿ ತಿರುಗಿ ನಿಂತು, ಹಿಂದಿನವೆಲ್ಲ ಅದರ ಮುಖ ನೋಡಿ ಬೆದರಿ, ಅರ್ಧ ದಿನ ಹಾಳಾಯಿತು. ಈಗ ಒಂದು ಬದಿಯ ಪೈಪುಗಳನ್ನು ಕತ್ತರಿಸಿ ಒಂದೂವರೆ ಅಡಿಗೆ ಇಳಿಸಿದ್ದೇವೆ. ಎರಡೂ ಬದಿಗೆ ಶೀಟ್ ಹೊಡೆದಿರುವುದು ಮಾತ್ರ ಜಿಂಕೆಯ ನಕ್ಷೆಯಿಂದ ಬಂದ ಒಳ್ಳೆಯ ಅಂಶ: ತಲೆಯ ಎರಡು ಪಕ್ಕಕ್ಕೂ ಕಣ್ಣಿರುವ ಕುರಿಗೆ ತನ್ನ ಹಿಂಭಾಗವೊಂದನ್ನು ಬಿಟ್ಟು ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ, ಹೊರಗೆ ನಿಂತ ಮನುಷ್ಯ ಕಾಣದಿದ್ದರೆ ಅದು ಸುಮ್ಮನೆ ನಡೆಯುತ್ತದೆ. ಆದರೆ ಅದೇ ಶೀಟನ್ನು ಕೊನೆಯ ಗೇಟಿಗೂ ಹೊಡೆದರು. ಎದುರಿಗೆ ಗೋಡೆಯಂತೆ ಕಂಡರೆ ಯಾವ ಕುರಿ ಮುಂದೆ ಹೋದೀತು? ಶೀಟ್ ಬಿಚ್ಚಿ ಮೆಶ್ ಹಾಕಿಸಿ, ಆಚೆ ಎರಡು ಕುರಿಗಳನ್ನು ನಿಲ್ಲಿಸಿದ ದಿನದಿಂದ ಉಳಿದವು ತಾವಾಗಿಯೇ ಹೋಗುತ್ತಿವೆ.

ದೊಡ್ಡಿಗಳ ಗೇಟುಗಳನ್ನು ಅಂದಕ್ಕಾಗಿ ಬೇಲಿಯ ನಟ್ಟನಡುವೆ ಇಟ್ಟಿದ್ದಾರೆ. ಅಟ್ಟಿದ ಮಂದೆ ಬೇಲಿಯ ಗುಂಟ ಓಡಿ ಮೂಲೆ ಸೇರುತ್ತದೆ, ಆದ್ದರಿಂದ ಗೇಟು ಇರಬೇಕಾದದ್ದು ಮಂದೆ ಹೋಗುವ ದಿಕ್ಕಿನ ಮೂಲೆಯಲ್ಲಿ. ಇದನ್ನು ನಮ್ಮ ಕುರಿ ಕಾಯುವ ಅಜ್ಜನವರು ಕಂಬ ನೆಡುವ ದಿನವೇ ಹೇಳಿದ್ದರು, ಅವರ ಮಾತನ್ನು ನಾವ್ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಗೇಟನ್ನು ಮೂಲೆಗೆ ಬದಲಾಯಿಸಿಕೊಟ್ಟಿದ್ದಾರೆ, ಎರಡು ಬಾಕಿ ಇವೆ. ಓಣಿಯ ಮುಖ ಪೂರ್ವಕ್ಕಿರುವುದರಿಂದ ಬೆಳಗಿನ ಬಿಸಿಲು ಕುರಿಗಳ ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಹತ್ತು ಗಂಟೆಯ ಮೇಲಷ್ಟೇ ಕೆಲಸ ಶುರುಮಾಡುತ್ತೇವೆ.

ಕರೆದಾಗ ಬರುವ ವಿಷಯದಲ್ಲಿ ತಂಡದವರು ಸಾಧಾರಣ: ಅಡಿಕೆ ಕೊಯ್ಲಿನ ಸಮಯದಲ್ಲಿ ಫೋನು ಎತ್ತಲಿಲ್ಲ, ಆಮೇಲೆ ಬಂದು ತಕರಾರಿಲ್ಲದೆ ಸರಿಮಾಡಿದರು. ಸುತ್ತುಬೇಲಿಗೆ ಇವರನ್ನು ಧೈರ್ಯವಾಗಿ ಕರೆಯಬಹುದು. ಓಣಿ ಮಾಡಿಸುವವರು ಅಳತೆಗಳನ್ನು ಮೊದಲೇ ಕಾಗದದ ಮೇಲೆ ಬರೆದುಕೊಟ್ಟು, ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಎಳೆಸಿ, ಮಂದೆಯನ್ನು ಒಮ್ಮೆ ಅದರ ಮೇಲೆ ನಡೆಸಿ ನೋಡಿದ ಮೇಲೆ ವೆಲ್ಡಿಂಗ್‌ಗೆ ಒಪ್ಪಿಗೆ ಕೊಡುವುದು ಒಳ್ಳೆಯದು. ಎರಡು ಗೇಟುಗಳು ಮೂಲೆಗೆ ಬರುವವರೆಗೆ ಕೊನೆಯ ಕಂತಿನ ಎಂಟು ಸಾವಿರ ರೂಪಾಯಿಯನ್ನು ನಾನು ಕೊಟ್ಟಿಲ್ಲ, ಅವರೂ ಕೇಳಿಲ್ಲ.