ನಮ್ಮ ಸೇವಾ ಕ್ಲಬ್: ಕಣ್ಣಿನ ಶಿಬಿರಕ್ಕೆ ಪೂರ್ತಿ ಅಂಕ, ಭಾಷಣಕ್ಕೆ ಸೊನ್ನೆ

ಸೇವಾ ಕ್ಲಬ್ ಅಂದ್ರೆ ಬ್ಯಾಡ್ಜು, ಭಾಷಣ, ಫೋಟೊ ಅಷ್ಟೇ ಅಂದುಕೊಂಡಿದ್ದೆ. ಅಮ್ಮನನ್ನು ಇವರ ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋದ ಮೇಲೆ ಆ ಅಭಿಪ್ರಾಯ ಅರ್ಧ ಬದಲಾಯಿತು. ಅರ್ಧ ಮಾತ್ರ!

ತಪಾಸಣೆ ಯಾರು ಬೇಕಾದರೂ ಮಾಡಿಸುತ್ತಾರೆ. ನನಗೆ ಇಷ್ಟವಾದದ್ದು ಆಮೇಲಿನ ಕೆಲಸ. ಪೊರೆ ಬಂದಿದೆ ಅಂತ ಗೊತ್ತಾದವರ ಪಟ್ಟಿ ಮಾಡಿ, ಆಪರೇಷನ್‌ಗೆ ದಿನ ಗೊತ್ತು ಮಾಡಿ, ವ್ಯಾನಿನಲ್ಲಿ ಕರೆದೊಯ್ದು, ವಾಪಸ್ ಮನೆ ಬಾಗಿಲಿಗೇ ಬಿಟ್ಟರು, ವಾರ ಕಳೆದ ಮೇಲೆ ಫೋನ್ ಮಾಡಿ ಡ್ರಾಪ್ಸ್ ಹಾಕ್ತಿದ್ದೀರಾ ಅಂತಲೂ ಕೇಳಿದರು. ಕ್ಲಬ್‌ಗಳಿಗೆ ಕಣ್ಣಿನ ಕೆಲಸ ಹೊಸದೇನಲ್ಲ. 1925ರಲ್ಲೇ, ಕಣ್ಣೂ ಕಾಣದ ಕಿವಿಯೂ ಕೇಳದ ಅಮೆರಿಕದ ಲೇಖಕಿ ಹೆಲೆನ್ ಕೆಲ್ಲರ್ ಲಯನ್ಸ್ ಕ್ಲಬ್ ಸಮಾವೇಶಕ್ಕೆ ಹೋಗಿ, ಅಂಧರ ಪರ ನಿಲ್ಲಿ ಅಂತ ಕೇಳಿಕೊಂಡಿದ್ದರು. ರೋಟರಿ 1985ರಿಂದ ಪೋಲಿಯೊ ಬೆನ್ನು ಹತ್ತಿದೆ. ಹೀಗೆ ಒಂದೇ ಕೆಲಸ ಹಿಡಿದು ಕೂತರೆ ಚೆನ್ನ ಅಲ್ವಾ? ನಮ್ಮ ಕ್ಲಬ್‌ನವರು ಮಾತ್ರ ವರ್ಷಕ್ಕೊಬ್ಬ ಅಧ್ಯಕ್ಷರು ಬಂದಂತೆ ಯೋಜನೆಯನ್ನೂ ಬದಲಿಸುತ್ತಾರೆ. ಹೋದ ವರ್ಷ ನೆಟ್ಟ ಗಿಡಗಳಿಗೆ ಈಗ ನೀರು ಹಾಕುವವರಿಲ್ಲ.

ರಕ್ತದಾನ ಶಿಬಿರದ ಬಗ್ಗೆ ಒಂದು ತಕರಾರು. ವರ್ಷಕ್ಕೆ ಒಂದೇ ದಿನ, ಭಾರಿ ಗುಂಪು. ಕೊಟ್ಟ ರಕ್ತದಲ್ಲಿ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಇಡಲು ಆಗುವುದು ಸುಮಾರು 5 ದಿನ, ಕೆಂಪು ರಕ್ತಕಣ ಹೆಚ್ಚೆಂದರೆ 42 ದಿನ. ದಾಖಲೆ ಮಾಡುವ ಆಸೆ ಬಿಟ್ಟು, ಅದೇ ಜನರನ್ನು ವರ್ಷಪೂರ್ತಿ ಹಂಚಿ ಕರೆದರೆ ಜಾಸ್ತಿ ಉಪಯೋಗ. ಅವತ್ತು ಸುಮ್ನೆ ಒಂದು ಗಂಟೆ ಭಾಷಣ ಬೇರೆ, ರಕ್ತ ಕೊಡಲು ಬಂದವರು ಕಾಯುತ್ತಾ ಕೂತಿದ್ದರು.

ವೀಲ್‌ಚೇರ್, ವಾಕರ್ ಎರವಲು ಕೊಡುವ ವ್ಯವಸ್ಥೆ ಚೆನ್ನಾಗಿದೆ. ಕೇಳಿದ ದಿನವೇ ಸಿಕ್ಕಿತು. ಆದರೆ ಬ್ರೇಕ್ ನೋಡಿಕೊಂಡು ತೆಗೆದುಕೊಳ್ಳಿ.